ಹಿಂದಿನ ಗಲ್ಲಿ

ಮಲ್ಲೇಶ್ವರದ ಒಂದು ಹಳೆಯ ಮನೆಯ ಹಿಂಬದಿಯ ಜಗುಲಿ. ಬೆಳಗಿನ ಏಳು ಗಂಟೆ. ಮಾವ ಚರಂಡಿ, ಕಾಲುವೆಗಳ ಕೆಲಸದಲ್ಲೇ ಮೂವತ್ತು ವರ್ಷ ಕಳೆದು ನಿವೃತ್ತರಾದ ಎಂಜಿನಿಯರು. ಎದುರಿಗೆ ಕೂತಿರುವವಳು ಅವರ ಅಕ್ಕನ ಮಗಳು, ಕಾಲೇಜಿನಲ್ಲಿ ಪಾಠ ಹೇಳುವವಳು.

— ಚಪ್ಪಲಿ ಹಾಕ್ಕೊಂಡೇ ಬಾ. ರಾತ್ರಿ ಇಲ್ಲೊಂದು ಗಾಜಿನ ಲೋಟ ಬಿದ್ದು ಚೂರಾಯ್ತು. ಗುಡಿಸಿದ್ದೀನಿ, ಆದ್ರೂ ನಂಬೋ ಹಾಗಿಲ್ಲ.

— ನೋಡ್ಕೊಂಡೇ ಕೂರ್ತೀನಿ ಮಾವ. ಬರೋ ವಾರ ಕಾಲೇಜಿನಲ್ಲಿ ನಂದೊಂದು ಭಾಷಣ ಇದೆ. ವಿಷಯ ಅವರೇ ಕೊಟ್ಟಿದ್ದಾರೆ: ‘ಪರಿಸರ ಸ್ವಚ್ಛತೆ ಮತ್ತು ನಗರ ಯೋಜನೆ, ರಾಷ್ಟ್ರಾಭಿವೃದ್ಧಿಯ ಬುನಾದಿ’. ನಿಮ್ಮನ್ನ ಕೇಳದೆ ಬರೆದ್ರೆ ಆಮೇಲೆ ಬೈತೀರಿ.

— ಕೇಳಿ ಬರೆದ್ರೂ ಬೈತೀನಿ. ಎಲ್ಲೀವರೆಗೆ ಬಂತು?

— ಅರ್ಧ ಆಗಿದೆ. ನಮ್ಮ ಜನಕ್ಕೆ ಪೌರಪ್ರಜ್ಞೆ ಕಡಿಮೆ. ಮನೆ ಒಳಗೆ ಥಳಥಳ, ಕಸ ಮಾತ್ರ ಬೀದಿ ಮೂಲೆಗೆ. ಮನಸ್ಸು ಬದಲಾದ್ರೆ ಊರು ಬದಲಾಗುತ್ತೆ, ಊರು ಬದಲಾದ್ರೆ ದೇಶ...

— ಸಾಕು ಸಾಕು. ಅದನ್ನ ಅಕ್ಟೋಬರ್ 2ಕ್ಕೆ ಪೊರಕೆ ಹಿಡಿದು ಫೋಟೋ ತೆಗೆಸ್ಕೊಳ್ಳೋರೇ ಚೆನ್ನಾಗಿ ಹೇಳ್ತಾರೆ. ಎದ್ದು ಆ ಹಿಂದಿನ ಬಾಗಿಲು ತೆಗಿ. ಏನು ಕಾಣ್ತಿದೆ?

— ಗಲ್ಲಿ. ಎರಡು ಸ್ಕೂಟರು, ಹೊದಿಕೆ ಹಾಕಿರೋ ಒಂದು ಕಾರು, ಯಾರೋ ತಂದು ಬಿಟ್ಟ ಒಡೆದ ಕಮೋಡು. ಆ ಕಡೆ ಮನೆಯವರು ಗಲ್ಲಿಯ ಅರ್ಧಕ್ಕೆ ಗೇಟು ಹಾಕಿ ತುಳಸಿಕಟ್ಟೆ ಕಟ್ಟಿದ್ದಾರೆ.

— ಅದು ಕನ್ಸರ್ವೆನ್ಸಿ ಗಲ್ಲಿ. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆಯಲ್ಲ, ಅವುಗಳ ನಡುವಿನ ಜಾಗ. ಈ ಬಡಾವಣೆಯ ನಕ್ಷೆ ಬರೆದೋರು ಮನೆ ಮುಂದೆ ರಸ್ತೆ ಎಳೆದ ಹಾಗೇ ಮನೆ ಹಿಂದೇನೂ ಒಂದು ದಾರಿ ಎಳೆದ್ರು. ಮನೆ ಅಂದ್ಮೇಲೆ ಒಳಕ್ಕೆ ಬರೋದು ಇರುತ್ತೆ, ಹೊರಕ್ಕೆ ಹೋಗೋದೂ ಇರುತ್ತೆ. ಹೊರಕ್ಕೆ ಹೋಗೋದಕ್ಕೂ ಕಾಗದದ ಮೇಲೆ ಜಾಗ ಬಿಟ್ಟಿದ್ರು. ಆಮೇಲೆ ಬಂದ ಎಷ್ಟೋ ಬಡಾವಣೆಗಳಲ್ಲಿ ಸೈಟಿನ ಅಳತೆ ಇದೆ, ರಸ್ತೆ ಅಳತೆ ಇದೆ, ಆ ಒಂದು ಗೆರೆ ಮಾತ್ರ ಇಲ್ಲ. ನಿನ್ನ ಭಾಷಣಕ್ಕೆ ನಾನು ಕೊಡಬಹುದಾದ್ದು ಇಷ್ಟೇ. ಈಗ ಕಾಫಿ ಕುಡಿ.

— ಇಷ್ಟಕ್ಕೆ ಬಿಡೋಳಲ್ಲ ನಾನು. ಅವರಿಗೆ ಯಾಕೆ ಆ ಬುದ್ಧಿ ಬಂತು?

— ಬುದ್ಧಿ ಸ್ವಲ್ಪ, ಹೆದರಿಕೆ ಜಾಸ್ತಿ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬಂತು ಅಂತಾರೆ. ಪೇಟೆ ಒಳಗೆ ಗೋಡೆಗೆ ಗೋಡೆ ತಾಗಿದ ಮನೆಗಳು, ಹಗಲಲ್ಲೂ ದೀಪ ಬೇಕಾದ ನಡುಮನೆ, ಪಕ್ಕದಲ್ಲೇ ಧಾನ್ಯದ ಮಂಡಿ, ಮಂಡಿ ತುಂಬ ಇಲಿ. ಜನ ಸಾಯೋಕೆ ಶುರುವಾದ್ರು, ಉಳಿದೋರು ಊರು ಬಿಟ್ಟು ಓಡಿದ್ರು. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಬಸವನಗುಡಿ, ಮಲ್ಲೇಶ್ವರದ ಯೋಜನೆ ಅದಕ್ಕೂ ಕೆಲವು ವರ್ಷ ಮುಂಚೇನೇ ತಯಾರಾಗಿತ್ತು. ಜನ ಬಂದು ತುಂಬಿದ್ದು ಮಾತ್ರ ಪ್ಲೇಗಿನ ಭಯಕ್ಕೆ. ಅಗಲ ರಸ್ತೆ, ಮನೆಗೂ ಮನೆಗೂ ನಡುವೆ ಗಾಳಿ, ಹಿಂದೆ ಗಲ್ಲಿ. ಇದರಲ್ಲೊಂದು ಮೋಜಿದೆ, ಕೇಳು. ಪ್ಲೇಗು ಇಲಿ ಮೈಮೇಲಿನ ಚಿಗಟದಿಂದ ಹರಡುತ್ತೆ ಅಂತ ಪಾಲ್ ಲೂಯಿ ಸಿಮೊಂಡ್ ಅನ್ನೋ ಫ್ರೆಂಚ್ ವೈದ್ಯ ಕಂಡುಕೊಂಡಿದ್ದು ಅದೇ 1898ರಲ್ಲಿ, ಕರಾಚಿಯಲ್ಲಿ. ಎಷ್ಟೋ ವರ್ಷ ಅವನನ್ನ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಇಲ್ಲಿನೋರು ಕೆಟ್ಟ ಗಾಳಿಗೆ ಹೆದರಿ ಊರನ್ನ ಬಿಡಿಬಿಡಿಯಾಗಿ ಕಟ್ಟಿದ್ರು. ಕಾರಣ ತಪ್ಪು, ಮದ್ದು ಸರಿ. ಇಲಿಗೆ ಬಿಲ ಸಿಗಲಿಲ್ಲ.

— ಚೆನ್ನಾಗಿದೆ. ಆದ್ರೆ ಮಾವ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಗಲ್ಲಿಯಲ್ಲಿ ನಡೀತಿದ್ದೋರು ಯಾರು?

— ...ಗೊತ್ತಲ್ಲ ನಿಂಗೆ.

— ಗೊತ್ತು. ಅಜ್ಜಿ ಹೇಳ್ತಿದ್ರು. ಬೆಳಕು ಹರಿಯೋ ಮುಂಚೆ ಈ ಬಾಗಿಲ ಹತ್ರ ತಗಡಿನ ಡಬ್ಬದ ಸದ್ದು ಬರ್ತಿತ್ತಂತೆ. ಬಂದೋಳ ಮುಖ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಹಿಂದಿನಿಂದ ಬರಬೇಕು, ಹಿಂದಿನಿಂದಲೇ ಹೋಗಬೇಕು. ನೀವು ಹೊಗಳೋ ನಕ್ಷೆಯಲ್ಲಿ ಗಲ್ಲಿಯ ಅಗಲ ಬರೆದಿದ್ರು. ನಡೆಯೋರ ಜಾತಿ ಬರೆದಿರಲಿಲ್ಲ, ಬರೆಯೋ ಅಗತ್ಯ ಇರಲಿಲ್ಲ.

— ಒಪ್ಪಿದೆ. ಅದನ್ನ ಭಾಷಣದಲ್ಲಿ ಹಾಕು. ಮಲ ಹೊರೋದನ್ನ ನಮ್ಮ ರಾಜ್ಯದಲ್ಲಿ ನಿಲ್ಲಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ.

— ಕಾಗದದ ಮೇಲೆ. 2010ರಲ್ಲಿ ಸವಣೂರಿನಲ್ಲಿ ಭಂಗಿ ಸಮುದಾಯದೋರು ಪುರಸಭೆ ಎದುರು ಮಲವನ್ನ ಮೈಮೇಲೆ ಸುರಿದುಕೊಂಡು ನಿಂತ್ರಲ್ಲ. ನಾನಾಗ ವಿದ್ಯಾರ್ಥಿನಿ. ಆ ಫೋಟೋ ಪೇಪರಲ್ಲಿ ನೋಡಿ ಅವತ್ತು ಊಟ ಸೇರಲಿಲ್ಲ. ಅದಾದ ಮೇಲೆ 2013ರಲ್ಲಿ ದೇಶಕ್ಕೆಲ್ಲ ಹೊಸ ಕಾನೂನು ಬಂತು. ಮ್ಯಾನ್‌ಹೋಲ್‌ಗೆ ಇಳಿದು ಸಾಯೋರ ಸುದ್ದಿ ಈಗಲೂ ಬರುತ್ತೆ, ಅಲ್ವಾ?

— ಬರುತ್ತೆ. ಯುಜಿಡಿ, ಅಂದ್ರೆ ಒಳಚರಂಡಿ, ಬಂದ ಮೇಲೆ ಗಲ್ಲಿ ನೆಲದ ಕೆಳಕ್ಕೆ ಹೋಯ್ತು, ನಡೆಯೋನೂ ಕೆಳಕ್ಕೆ ಹೋದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಸ್ತ್ರಿ ಬೆಂಕಿಕಡ್ಡಿ ಗೀರಿ ಗುಂಡಿ ಒಳಕ್ಕೆ ಬಿಡ್ತಿದ್ದ, ಗಾಳಿ ಇದೆಯಾ ನೋಡೋಕೆ. ಅದರಲ್ಲೇ ಅಪಾಯ ಇದೆ ಅಂತ ಯಾರಿಗೂ ಅನ್ನಿಸ್ತಿರಲಿಲ್ಲ. ನಾನೂ ನಿಂತು ನೋಡಿದ್ದೀನಿ. ನೋಡು, ನಾನು ಯೋಜನೆ ಅಂದ್ರೆ ದೇವರು ಅಂತ ಹೇಳ್ತಿಲ್ಲ. ಹೊಲಸಿಗೆ ಜಾಗ ಇಡದ ನಕ್ಷೆ ಅದನ್ನ ಇನ್ನೊಬ್ಬರ ತಲೆ ಮೇಲೆ ಹೊರಿಸುತ್ತೆ. ಜಾಗ ಇಟ್ಟ ನಕ್ಷೇನೂ ಹೊರಿಸಬಹುದು, ಅದು ನಿನ್ನ ಮಾತು, ಸರಿ. ಆದ್ರೆ ಮೊದಲನೇದ್ದಂತೂ ಖಂಡಿತ ಹೊರಿಸುತ್ತೆ. ಮಂಡೂರು ಮರೆತ್ಯಾ?

— ಕಸದ ಊರು.

— ಅದು ಕಸದ ಊರಲ್ಲಮ್ಮ. ಹೊಲ, ಕೆರೆ ಇದ್ದ ಊರು. ಕಸ ನಮ್ಮದು. ಉತ್ತರಕ್ಕೆ ಮಾವಳ್ಳಿಪುರ, ಪೂರ್ವಕ್ಕೆ ಮಂಡೂರು, ಎರಡು ಕಡೆ ಬೆಂಗಳೂರು ತನ್ನ ಹಿತ್ತಿಲು ಮಾಡ್ಕೊಂಡಿತ್ತು. 2012ರಲ್ಲಿ ಮಾವಳ್ಳಿಪುರದೋರು ಲಾರಿ ಬಿಡೋದಿಲ್ಲ ಅಂದ್ರು. ಊರೆಲ್ಲ ಗಬ್ಬು ನಾತ. ‘ಗಾರ್ಡನ್ ಸಿಟಿ’ ಹೋಗಿ ‘ಗಾರ್ಬೇಜ್ ಸಿಟಿ’ ಆಯ್ತು ಅಂತ ಹೊರದೇಶದ ಪತ್ರಿಕೆಗಳೂ ಬರೆದ್ವು. ಭಾರ ಎಲ್ಲಾ ಮಂಡೂರಿನ ಮೇಲೆ ಬಿತ್ತು. ಅಲ್ಲಿನೋರು ರಸ್ತೆಗೆ ಅಡ್ಡ ಕೂತು, ಕೊನೆಗೆ 2014ರ ಡಿಸೆಂಬರ್ 1ಕ್ಕೆ ಲಾರಿ ನಿಲ್ತು. ಈ ಊರಿನ ಕಸ ಬೇರ್ಪಡಿಸೋ ಪಾಠ ಶುರುವಾಗಿದ್ದು ಯಾವ ಭಾಷಣದಿಂದಾನೂ ಅಲ್ಲ. ಹಳ್ಳಿಯೋರು ‘ನಮ್ಮ ಹಿತ್ತಿಲಿಗೆ ಬರಬೇಡಿ’ ಅಂದಿದ್ದರಿಂದ. ಹೈಕೋರ್ಟ್ ಹಿಂದೆ ನಿಂತಿತು. 2015ರ ಕೊನೆಗೆ ‘ಎರಡು ಬುಟ್ಟಿ, ಒಂದು ಚೀಲ’ ಬಂತು: ಹಸಿರಿನಲ್ಲಿ ಹಸಿ ಕಸ, ಕೆಂಪಿನಲ್ಲಿ ಡಯಪರು, ಬ್ಯಾಂಡೇಜು, ಚೀಲದಲ್ಲಿ ಒಣ ಕಸ.

— ಅಂದ್ರೆ ಜನ ಬದಲಾದ್ರು ತಾನೇ? ನಾನು ಹೇಳಿದ್ದೂ ಅದನ್ನೇ!

— ಎಸೆಯೋಕೆ ಜಾಗ ಇಲ್ಲ ಅಂತಾದಾಗ ಬದಲಾದ್ರು. ಮನಸ್ಸಿಗೆ ಮುಂಚೆ ಗೇಟು ಬಿತ್ತು. ಇನ್ನೂ ಒಂದು ಕೇಳು. ಮಾವಳ್ಳಿಪುರ ಇರೋದು ಅರ್ಕಾವತಿಯ ಜಲಾನಯನದ ಒಳಗೆ. ಅರ್ಕಾವತಿಗೇ ಅಡ್ಡ ಕಟ್ಟಿದ್ದು ಹೆಸರಘಟ್ಟದ ಕೆರೆ. ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದಿದ್ದು ಅಲ್ಲಿಂದ, 1896ರಲ್ಲಿ. ಅದೇ ಹೊಳೆಗೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಕುಡಿಯೋ ನೀರಿನ ತಲೆ ಮೇಲೆ ಕಸ ಸುರಿದ್ವಿ. 2012ರ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ನೀರೆತ್ತೋದೇ ನಿಂತಿತ್ತು. ಈಗ ನೂರು ಕಿಲೋಮೀಟರ್ ದೂರದ ಕಾವೇರಿಯನ್ನ ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಕಡೆ ಪಂಪ್ ಇಟ್ಟು ಹತ್ತಿಸ್ತೀವಿ. ಆ ಕರೆಂಟ್ ಬಿಲ್ಲಲ್ಲಿ ಏನೇನು ಕಟ್ಟಬಹುದಿತ್ತು ಅಂತ ಲೆಕ್ಕ ಹಾಕೋದು ನನಗೆ ನಿದ್ದೆ ಬರದಿದ್ದಾಗಿನ ಕೆಲಸ.

— ರಾಷ್ಟ್ರಾಭಿವೃದ್ಧಿ ಬಂತು, ಬರ್ಕೊಳ್ತೀನಿ ಇರಿ.

— ಬರ್ಕೋ. ಆದ್ರೆ ಅದಕ್ಕಿಂತ ಮುಖ್ಯ ಇಳಿಜಾರು. ಬೆಂಗಳೂರು ಕೂತಿರೋದು ದಿಬ್ಬದ ಮೇಲೆ, ಆನೆ ಬೆನ್ನ ಮೇಲೆ ಕೂತ ಹಾಗೆ. ಬಿದ್ದ ಮಳೆ ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ ಜಾರುತ್ತೆ. ಪಶ್ಚಿಮಕ್ಕೆ ವೃಷಭಾವತಿ, ಅದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಪೂರ್ವಕ್ಕೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳು, ಅವು ದಕ್ಷಿಣ ಪಿನಾಕಿನಿಗೆ. ನದಿ ಇಲ್ಲದ ಊರಲ್ಲಿ ಹಿಂದಿನೋರು ಈ ಜಾರೋ ನೀರನ್ನ ಮೆಟ್ಟಿಲು ಮೆಟ್ಟಿಲಾಗಿ ಹಿಡಿದ್ರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ರೆ ಕಾಲುವೆಯಲ್ಲಿ ಕೆಳಗಿನ ಕೆರೆಗೆ. ಆ ಕಾಲುವೆಗೇ ರಾಜಕಾಲುವೆ ಅನ್ನೋದು. ಈಗ ಹೆಸರಲ್ಲಿ ಮಾತ್ರ ರಾಜ. ತೂಬು ಎತ್ತೋಕೆ ನೀರುಗಂಟಿ ಇದ್ದ, ಹೂಳು ಎತ್ತೋಕೆ ಊರೋರಿದ್ರು. ನಾವೇನು ಮಾಡಿದ್ವಿ? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಆಯ್ತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯ್ತು. ಕರಗಕ್ಕೆ ಬೇಕು ಅಂತ ಮೂಲೆಯಲ್ಲೊಂದು ಪುಟ್ಟ ಹೊಂಡ ಉಳಿಸಿದ್ದಾರೆ ನೋಡು, ದೇವರಿಗೆ ನೆನಪಿದೆ, ನಮಗಿಲ್ಲ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಆಟಗಾರರ ವಸತಿ ಎದ್ದಿದ್ದೂ ಒಂದು ಕೆರೆ ಅಂಗಳದಲ್ಲೇ.

— ಆಗ ನೀವು ಕೆಲಸದಲ್ಲಿದ್ರಿ.

— ಇದ್ದೆ. ಬಚ್ಚಿಟ್ಟು ಏನು ಪ್ರಯೋಜನ? ಒಂದು ಬಡಾವಣೆ, ಹೆಸರು ಬೇಡ. ನಕ್ಷೆಯಲ್ಲಿ ರಾಜಕಾಲುವೆಗೆ ನಾನೇ ಅಗಲ ಗುರುತು ಮಾಡಿದ್ದೆ. ಎರಡು ವರ್ಷ ಬಿಟ್ಟು ಹೋಗಿ ನೋಡಿದ್ರೆ ಕಾಲುವೆ ಮೇಲೆ ಚಪ್ಪಡಿ, ಚಪ್ಪಡಿ ಮೇಲೆ ಅಂಗಡಿ ಸಾಲು. ಮೇಲಿನೋರನ್ನ ಕೇಳಿದೆ. ‘ನೀರು ಕೆಳಗೆ ಹೋಗ್ತಿದೆಯಲ್ರೀ’ ಅಂದ್ರು. ಹೋಗ್ತಿತ್ತು ಕೂಡ, ಬೇಸಿಗೆಯಲ್ಲಿ! ಕಡತದಲ್ಲಿ ನನ್ನ ಸಹಿ ಇದೆ. ಆವತ್ತು ಒಂದು ಸಾಲು ಬರೆದು ವಿರೋಧಿಸಬಹುದಿತ್ತು. ಮಗಳ ಮದುವೆ ಗೊತ್ತಾಗಿತ್ತು, ವರ್ಗಾವಣೆ ಬೇಡವಾಗಿತ್ತು.

— ...

— ಹಾಗೆ ನೋಡಬೇಡ, ನಿಮ್ಮತ್ತೆಗೂ ಗೊತ್ತಿತ್ತು ಇದು. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ ಕಡೆ ಕೋಟ್ಯಂತರ ಬೆಲೆಯ ವಿಲ್ಲಾಗಳೊಳಗೆ ನೀರು ನುಗ್ಗಿ, ಸಾಫ್ಟ್‌ವೇರಿನೋರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ್ರಲ್ಲ, ಟೀವಿಯಲ್ಲಿ ನೋಡಿ ಎಲ್ಲರೂ ನಕ್ರು. ನಂಗೆ ನಗು ಬರಲಿಲ್ಲ. ಅದಕ್ಕೂ ಒಂದು ವಾರ ಮುಂಚೆ, ಆಗಸ್ಟ್ 30ರ ಒಂದೇ ದಿನ ಜನ ರಸ್ತೆಯಲ್ಲಿ ಸಿಕ್ಕಿಕೊಂಡಿದ್ದಕ್ಕೆ 225 ಕೋಟಿ ರೂಪಾಯಿ ನಷ್ಟ ಅಂತ ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದಿತ್ತು. ಲೆಕ್ಕ ಅವರದ್ದು. ಅರ್ಧ ಅಂದ್ರೂ ಕಡಿಮೆ ಏನಲ್ಲ. ನಿನ್ನ ಬುನಾದಿ ಅನ್ನೋ ಪದ ಅಲ್ಲಿಗೆ ಸರಿಹೊಂದುತ್ತೆ. ದೇಶದ ಸಾಫ್ಟ್‌ವೇರ್ ರಫ್ತು ನಿಂತಿರೋದು ಒಂದು ಮುಚ್ಚಿದ ಕಾಲುವೆ ಮೇಲೆ.

— ಆ ಕಡೆಯ ಬೆಳ್ಳಂದೂರು ಕೆರೆಗೇ ಬೆಂಕಿ ಬಿದ್ದಿತ್ತಲ್ಲ. ನನ್ನ ವಿದ್ಯಾರ್ಥಿಗಳಿಗೆ ಹೇಳಿದ್ರೆ ನಂಬೋದಿಲ್ಲ. ನೀರಿಗೆ ಬೆಂಕಿ ಹೇಗೆ ಹತ್ತುತ್ತೆ ಮೇಡಂ ಅಂತಾರೆ.

— 2015ರಲ್ಲಿ ನೊರೆ ಎದ್ದು ರಸ್ತೆಗೆ ಹಾರ್ತಿತ್ತು. ಬಟ್ಟೆ ಸೋಪಿನ ಪುಡಿಯಲ್ಲಿ ನೊರೆ ಎಬ್ಬಿಸೋ ರಾಸಾಯನಿಕ ಇರುತ್ತೆ. ಶುದ್ಧಿ ಮಾಡದ ಕೊಳಚೆ ಜೊತೆ ಅದೂ ಕೆರೆ ಸೇರುತ್ತೆ. ಕೋಡಿಯಲ್ಲಿ ನೀರು ಧುಮುಕೋ ಕಡೆ ಕಡೆದ ಮಜ್ಜಿಗೆ ಹಾಗೆ ನೊರೆ ಏಳುತ್ತೆ. ಮೇಲೆ ಜೊಂಡು ಬೆಳೆದು ಒಣಗಿರುತ್ತೆ, ದಡದಲ್ಲಿ ಕಸ, ಕೆಳಗೆ ಕೊಳೆತ ಹೂಳಿನಿಂದ ಏಳೋ ಗ್ಯಾಸು. 2018ರ ಜನವರಿಯ ಬೆಂಕಿ ಆರಿಸೋಕೆ ಸೇನೆಯ ಜವಾನರೇ ಇಳೀಬೇಕಾಯ್ತು. ಲೆಕ್ಕ ಸರಳ. ಒಂದು ಮನೆಗೆ ಬಂದ ನೀರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಗೆ ಹೋಗುತ್ತೆ ಅಂತ ನಾವು ಹಿಡೀತೀವಿ. ನೀರು ತರೋ ಯೋಜನೆಗೆ ಉದ್ಘಾಟನೆ ಇದೆ, ಹೂವಿನ ಹಾರ ಇದೆ. ಆ ಎಂಬತ್ತು ಪಾಲಿಗೆ ರಿಬ್ಬನ್ ಕತ್ತರಿಸಿದ್ದನ್ನ ನೀನೆಷ್ಟು ಸಲ ನೋಡಿದ್ದೀಯ?

— ಅದೂ ಹೇಳ್ತೀನಿ. ನನ್ನ ಗಂಡನ ಮನೆ ಕೋಲಾರದ ಹತ್ರ. ಆ ಎಂಬತ್ತು ಪಾಲು ಈಗ ಅಲ್ಲಿಗೇ ಬರುತ್ತೆ.

— ಕೆಸಿ ವ್ಯಾಲಿ, ಅದೇ ಕೋರಮಂಗಲ–ಚಲ್ಲಘಟ್ಟ ಕಣಿವೆಯದ್ದು. ಒಳ್ಳೇ ಯೋಜನೆ. ವರ್ಷಪೂರ್ತಿ ಹರಿಯೋ ನದಿ ಇಲ್ಲದ ಜಿಲ್ಲೆ. ಇಲ್ಲಿ ಶುದ್ಧಿ ಮಾಡಿದ ನೀರನ್ನ ಪೈಪಲ್ಲಿ ಕಳಿಸಿ ಅಲ್ಲಿ ನೂರಕ್ಕೂ ಮೇಲೆ ಕೆರೆ ತುಂಬಿಸೋದು.

— ನಮ್ಮ ಮಾವನೋರೂ ಮೊದಲು ಹಾಗೇ ಅಂತಿದ್ರು. ಬತ್ತಿದ್ದ ಬೋರ್‌ವೆಲ್‌ನಲ್ಲಿ ನೀರು ಬಂತು, ಟೊಮೇಟೊ ಹಾಕಿದ್ರು. ಕೆರೆ ತುಂಬಿದ್ದನ್ನ ನೋಡಿ ಅತ್ತೆ ಬಾಗಿನ ಕೊಡೋಣ ಅಂದ್ರಂತೆ. ಆದ್ರೆ 2018ರಲ್ಲಿ ಮೊದಲ ನೀರು ಬಂದ ಲಕ್ಷ್ಮೀಸಾಗರ ಕೆರೆಯಲ್ಲಿ ಕೆಲವೇ ವಾರದಲ್ಲಿ ನೊರೆ ಕಾಣಿಸ್ತು. ಕೋರ್ಟು, ತಡೆಯಾಜ್ಞೆ ಎಲ್ಲಾ ಆಯ್ತು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಅಲ್ಲಿನ ರೈತರು ಕೇಳ್ತಾನೇ ಇದ್ದಾರೆ. ಈಗ ಮನೇಲಿ ಬೆಳೆಗೆ ಆ ನೀರು, ಕುಡಿಯೋಕೆ ಕ್ಯಾನ್ ನೀರು. ಅತ್ತೆ ಬಾಗಿನದ ಮಾತು ಬಿಟ್ಟರು. ಒಂದು ಸಲ ನನ್ನ ಕೇಳಿದ್ರು, ‘ನಿಮ್ಮೂರಲ್ಲಿ ಇದೇ ನೀರನ್ನ ಯಾಕೆ ಬಳಸೋದಿಲ್ಲಮ್ಮ?’ ಅಂತ. ಉತ್ತರ ಹೇಳೋಕಾಗಲಿಲ್ಲ.

— ಸರಿಯಾದ ಪ್ರಶ್ನೆ. ನಾನು ಯೋಜನೆ ಒಳ್ಳೇದು ಅಂದೆ, ನಿಮ್ಮತ್ತೆ ಅದರ ಹಿಂದಿನ ಬಾಗಿಲು ತೆಗೆದು ನೋಡಿದ್ರು. ವೃಷಭಾವತಿ ಕಡೇನೂ ಅದೇ ಕಥೆ. ದೊಡ್ಡ ಬಸವನ ಪಾದದ ಹತ್ರ ಹುಟ್ಟೋ ಹೊಳೆ, ಊರಿನ ಕೊಳಚೆ, ಕಾರ್ಖಾನೆ ನೀರು ಹೊತ್ತು ಬಿಡದಿ ಹತ್ರ ಬೈರಮಂಗಲ ಕೆರೆಗೆ ಬೀಳುತ್ತೆ. ಆ ನೀರಲ್ಲಿ ಬೆಳೆದ ಹುಲ್ಲು, ತರಕಾರಿ ಮತ್ತೆ ಯಾರ ತಟ್ಟೆಗೆ ಬರುತ್ತೆ ಅಂತ ಯೋಚಿಸು. ಈ ಹಿತ್ತಿಲು ಸುತ್ತಿಕೊಂಡು ಮುಂಬಾಗಿಲಿಗೇ ಬರುತ್ತೆ.

— ಮೈಸೂರನ್ನ ನೋಡಿ ಕಲೀಬಹುದಲ್ಲ? 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳಲ್ಲಿ ಅದೇ ಮೊದಲು.

— ಕಲೀಬಹುದು. 1903ರಲ್ಲೇ ಅಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಇತ್ತು, ಊರು ಬೆಳೆಯೋ ಮೊದಲೇ ಮೋರಿ, ರಸ್ತೆ ನೋಡೋಕೆ. ಅಂಥದ್ದು ಬೆಂಗಳೂರಿಗೆ ಬಂದಿದ್ದು 1945ರಲ್ಲಿ. ಆದ್ರೂ ವಿದ್ಯಾರಣ್ಯಪುರದ ಸೂಯೇಜ್ ಫಾರಂ ಪಕ್ಕದೋರನ್ನ ಕೇಳು, ಮೊದಲ ಬಹುಮಾನದ ನಾತ ಹೇಗಿರುತ್ತೆ ಅಂತ ಹೇಳ್ತಾರೆ. ನಮ್ಮದಂತೂ ಬಿಡು. 2007ರಲ್ಲಿ ಮಂಜೂರಾದ ಮಾಸ್ಟರ್ ಪ್ಲಾನಿನ ಅವಧಿ 2015ಕ್ಕೇ ಮುಗೀತು. 2031ಕ್ಕೆ ಅಂತ ಮಾಡಿದ ಕರಡನ್ನ 2020ರಲ್ಲಿ ವಾಪಸ್ ತಗೊಂಡ್ರು. ಅದೇ 2007ರಲ್ಲಿ 110 ಹಳ್ಳಿಗಳನ್ನ ಪಾಲಿಕೆಗೆ ಸೇರಿಸಿದ್ರು. ಅವಕ್ಕೆ ಅಂತ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಆ ಹದಿನೇಳು ವರ್ಷದಲ್ಲಿ ಮನೆ ಎದ್ದವು, ಖಾತೆ ಆದವು, ತೆರಿಗೆ ಕಟ್ಟಿದ್ರು. ನೀರು ಟ್ಯಾಂಕರಿನದ್ದು, ಕೊಳಚೆ ಹತ್ತಿರದ ಕೆರೆಗೆ. ಅಂಥ ಕಡೆ ಹೋಗಿ ಪೌರಪ್ರಜ್ಞೆ ಬೆಳೆಸ್ಕೊಳ್ಳಿ ಅಂದ್ರೆ ಏನಂತಾರೆ?

— ನನ್ನ ಅರ್ಧ ಭಾಷಣ ಹರಿದು ಹಾಕಿಸಿದ್ರಿ.

— ಹರಿಯಬೇಡ. ಪೌರಪ್ರಜ್ಞೆ ಸುಳ್ಳಲ್ಲ, ಆದ್ರೆ ಅದು ಎರಡನೇ ಪುಟ. ಮೊದಲನೇ ಪುಟದಲ್ಲಿ ಇಳಿಜಾರು ಅಳೆಯೋ ಒಂದು ಡಂಪಿ ಲೆವೆಲ್ ಇಡು. ಮೋರಿಗೆ ಇಳಿಜಾರು ಸರಿಯಾಗಿ ಕೊಟ್ರೆ ನೀರು ತನ್ನ ಹೂಳನ್ನ ತಾನೇ ತಳ್ಕೊಂಡು ಹೋಗುತ್ತೆ, ಒಬ್ಬ ಮನುಷ್ಯ ಇಳೀಬೇಕಾಗಿಲ್ಲ. ಕಡಿಮೆ ಕೊಟ್ರೆ ಕಟ್ಟಿಕೊಳ್ಳುತ್ತೆ, ಆಗ ಯಾರನ್ನೋ ಇಳಿಸ್ತೀವಿ. ಯಾರನ್ನ ಅಂತ ನೀನೇ ಹೇಳಿದ್ಯಲ್ಲ.

— ಸದ್ದು ಕೇಳಿಸ್ತಾ? ಕಸದ ಆಟೋ. ಎಷ್ಟು ಹೊತ್ತು ಮಾತಾಡಿದ್ವಿ! ನಿಮ್ಮ ಬುಟ್ಟಿ ಎಲ್ಲಿ, ನಾನೇ ಹಾಕಿ ಬರ್ತೀನಿ.

— ಅಡುಗೆಮನೆ ಬಾಗಿಲ ಹಿಂದೆ. ಹಸಿರದ್ದು, ಪಕ್ಕದಲ್ಲಿ ಚೀಲ.

— ಮಾವ! ಇದೇನಿದು? ಒಣ ಕಸದ ಚೀಲದಲ್ಲಿ ಕಾಫಿ ಚರಟ ಸುರಿದಿದ್ದೀರಿ. ಒದ್ದೆಯಾಗಿ ಅಂಟಿಕೊಂಡಿದೆ. ರಾತ್ರಿಯ ಗಾಜೂ ಇದರೊಳಗೇ ಇದೆಯಾ?

— ...ಕಣ್ಣು ಸರಿಯಾಗಿ ಕಾಣಿಸೋದಿಲ್ಲ ರಾತ್ರಿ ಹೊತ್ತು. ಚೀಲ ಯಾವುದು, ಬುಟ್ಟಿ ಯಾವುದು...

— ಆಟೋದಲ್ಲಿ ಬರೋ ಆ ಅಮ್ಮ ಬರಿಗೈಯಲ್ಲಿ ಚೀಲ ಬಿಚ್ಚಿ ಆರಿಸ್ತಾಳೆ. ಹೋದ ಸಲ ಬಂದಾಗ ಅವಳ ಬೆರಳಿಗೆ ಬಟ್ಟೆ ಸುತ್ತಿತ್ತು, ನಾನೇ ನೋಡಿದೆ.

— ತಡಿ ತಡಿ, ಅದನ್ನ ಕೊಡಬೇಡ. ಹಳೇ ಪೇಪರ್ ಕೊಡು. ಆಟೋದೋಳಿಗೆ ಎರಡು ನಿಮಿಷ ನಿಲ್ಲು ಅಂತ ಹೇಳು. ಮೇಜಿನ ಮೇಲೆ ನನ್ನ ಕೆಂಪು ಸ್ಕೆಚ್ ಪೆನ್ ಇದೆ, ತಾ.

— ತಂದೆ. ಏನು ಬರೀತೀರಿ?

— ‘ಗಾಜು ಇದೆ’ ಅಂತ. ನಕ್ಷೆ ಮೇಲೆ ಬರೀತಿದ್ದ ಅಕ್ಷರ. ಕೈ ನಡುಗುತ್ತೆ ಈಗ.

— ಸ್ವಲ್ಪ ದಪ್ಪ ಬರೀರಿ, ಮಾವ. ಪೇಪರಿನ ಎರಡೂ ಕಡೆ.